ಆಟೋಮಟಾ, ಕಂಪೈಲರ್, ಡಿಬಿಎಂಎಸ್: ಯಾವುದು ಮೊದಲು, ಯಾವುದಕ್ಕೆ ಯಾವ ದಾರಿ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಎರಡು ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಾರೆ. ಹೈದರಾಬಾದ್‌ಗೆ ಹೋಗಿ ಕೋಚಿಂಗ್ ಸೇರಬೇಕಾ, ಮನೆಯಲ್ಲೇ ಕೂತು ಆನ್‌ಲೈನ್ ಕ್ಲಾಸ್ ತಗೋಬೇಕಾ, ಇಲ್ಲಾ ಪುಸ್ತಕ ಹಿಡಿದು ಓದಿದರೆ ಸಾಕಾ? ಅದರ ಬೆನ್ನಿಗೇ ಇನ್ನೊಂದು: ಆಟೋಮಟಾ (ಲೆಕ್ಕ ಮಾಡುವ ಕಾಲ್ಪನಿಕ ಯಂತ್ರಗಳ ಅಧ್ಯಯನ), ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್), ಡಿಬಿಎಂಎಸ್ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಟ್ಟು ನಿರ್ವಹಿಸುವ ವ್ಯವಸ್ಥೆ) ಮೂರರಲ್ಲಿ ಯಾವುದನ್ನು ಮೊದಲು ಮುಗಿಸಬೇಕು?

ಈ ಎರಡೂ ಪ್ರಶ್ನೆಗೆ ಒಟ್ಟಿಗೇ ಉತ್ತರ ಹುಡುಕಬೇಕು ಅಂತ ನನ್ನ ಅಭಿಪ್ರಾಯ. ಯಾಕಂದರೆ ಈ ಮೂರು ವಿಷಯಗಳು ನಮ್ಮಿಂದ ಕೇಳುವುದು ಬೇರೆ ಬೇರೆ. ಆಟೋಮಟಾಗೆ ಶುರುವಿನಲ್ಲಿ ಹೇಳಿಕೊಡುವವರು ಬೇಕು. ಡಿಬಿಎಂಎಸ್‌ಗೆ ಮುಂದೆ ಒಂದು ಕಂಪ್ಯೂಟರ್ ಬೇಕು. ಕಂಪೈಲರ್‌ಗೆ ಬಿಳಿ ಹಾಳೆ, ಪೆನ್ಸಿಲ್, ತಾಳ್ಮೆ ಬೇಕು. ಮೂರಕ್ಕೂ ಒಂದೇ ದಾರಿ ಹಿಡಿದವರು ಎಲ್ಲೋ ಒಂದು ಕಡೆ ದುಡ್ಡು ಕಳೆದುಕೊಳ್ಳುತ್ತಾರೆ, ಇಲ್ಲಾ ತಿಂಗಳುಗಳನ್ನೇ ಕಳೆದುಕೊಳ್ಳುತ್ತಾರೆ.

ಆಯ್ಕೆಗೆ ಮುಂಚೆ ತಿಳಿದಿರಬೇಕಾದ್ದು

ಮೊದಲನೆಯದು, ನೀವು ಬರೆಯುತ್ತಿರುವುದು ಯಾವ ಪರೀಕ್ಷೆ? ಸೆಮಿಸ್ಟರ್ ಪರೀಕ್ಷೆ, ಗೇಟ್ (ಎಂ.ಟೆಕ್ ಪ್ರವೇಶದ ಪರೀಕ್ಷೆ), ನೆಟ್ ಅಥವಾ ಕೆ-ಸೆಟ್ (ಲೆಕ್ಚರರ್ ಹುದ್ದೆಯ ಅರ್ಹತಾ ಪರೀಕ್ಷೆಗಳು), ಇವು ಮೂರೂ ಒಂದೇ ವಿಷಯವನ್ನು ಮೂರು ಥರ ಕೇಳುತ್ತವೆ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪತ್ರಿಕೆಯಲ್ಲಿ ಐದು ಮಾಡ್ಯೂಲ್. ಪ್ರತಿ ಮಾಡ್ಯೂಲ್‌ನಿಂದ ಎರಡು ಪೂರ್ಣ ಪ್ರಶ್ನೆ ಇರುತ್ತವೆ, ಒಂದು ಬರೆದರೆ ಸಾಕು, ಅದಕ್ಕೆ 20 ಅಂಕ. ಇಲ್ಲಿ ಹಂತ ಹಂತವಾಗಿ ಬರೆದು ತೋರಿಸಿದ್ದಕ್ಕೆ ಅಂಕ. 2021ರ ಸ್ಕೀಮ್‌ನಲ್ಲಿ (ಪಠ್ಯಕ್ರಮದಲ್ಲಿ) ಆಟೋಮಟಾ ಮತ್ತು ಕಂಪೈಲರ್ ಸೇರಿ ಒಂದೇ ಪೇಪರ್. 2022ರ ಸ್ಕೀಮ್‌ನಲ್ಲಿ ಡಿಬಿಎಂಎಸ್ ನಾಲ್ಕನೇ ಸೆಮ್‌ಗೆ ಬಂತು, ಥಿಯರಿ ಆಫ್ ಕಂಪ್ಯುಟೇಶನ್ (ಅಂದರೆ ಆಟೋಮಟಾ) ಐದನೇ ಸೆಮ್‌ಗೆ. ಸ್ವಾಯತ್ತ ಕಾಲೇಜು ಮತ್ತು ಖಾಸಗಿ ವಿಶ್ವವಿದ್ಯಾಲಯದವರು ತಮ್ಮದೇ ಸಿಲಬಸ್ ನೋಡಿಕೊಳ್ಳಬೇಕು.

ಗೇಟ್‌ನಲ್ಲಿ ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಒಂದು ಅಂಕದ ಬಹುಆಯ್ಕೆ ಪ್ರಶ್ನೆ ತಪ್ಪಾದರೆ ಮೂರನೇ ಒಂದು ಅಂಕ ಹೋಗುತ್ತದೆ, ಎರಡು ಅಂಕದ್ದು ತಪ್ಪಾದರೆ ಮೂರನೇ ಎರಡು. ಸಂಖ್ಯೆ ಬರೆಯುವ ಪ್ರಶ್ನೆಗೂ, ಒಂದಕ್ಕಿಂತ ಜಾಸ್ತಿ ಸರಿಯುತ್ತರ ಇರಬಹುದಾದ ಪ್ರಶ್ನೆಗೂ ಈ ಕಡಿತ ಇಲ್ಲ. ನಮ್ಮ ಮೂರು ವಿಷಯ ಸೇರಿ ಸುಮಾರು 20 ಅಂಕ ಬರುತ್ತದೆ. ವರ್ಷದಿಂದ ವರ್ಷಕ್ಕೆ ಅದು ಏರಿಳಿಯುತ್ತದೆ, ಸಾಮಾನ್ಯವಾಗಿ ಕಂಪೈಲರ್ ಪಾಲೇ ಕಡಿಮೆ. 2024ರಲ್ಲಿ ಕಂಪ್ಯೂಟರ್ ಸೈನ್ಸ್‌ನ ಸಾಮಾನ್ಯ ವರ್ಗದ ಅರ್ಹತಾ ಅಂಕ 27.6 ಇತ್ತು. ಇದರ ಪಕ್ಕಕ್ಕೆ 20 ಅಂಕ ಇಟ್ಟು ನೋಡಿದರೆ ಈ ಮೂರರ ತೂಕ ಗೊತ್ತಾಗುತ್ತದೆ.

ನೆಟ್‌ನ ಎರಡನೇ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ, ತಪ್ಪಿಗೆ ಕಡಿತ ಇಲ್ಲ. ಸಿಲಬಸ್‌ನ ಹತ್ತು ಘಟಕಗಳಲ್ಲಿ ಡಿಬಿಎಂಎಸ್‌ಗೆ ಒಂದು ಪೂರ್ತಿ ಘಟಕ ಇದೆ. ಆಟೋಮಟಾ ಮತ್ತು ಕಂಪೈಲರ್ ಸೇರಿ ಇನ್ನೊಂದು. ಕೆ-ಸೆಟ್ ಕೂಡ ಇದೇ ದಾರಿಯದು. ಲೆಕ್ಚರರ್ ಆಗಬೇಕು ಅನ್ನುವ ಎಂಸಿಎ, ಎಂಎಸ್ಸಿಯವರಿಗೆ ಇದು ದೊಡ್ಡ ವಿಷಯ. 371(ಜೆ) (ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ ವಿಶೇಷ ಸ್ಥಾನ) ಪ್ರಮಾಣಪತ್ರ ಇದ್ದವರಿಗೆ ಈ ಭಾಗದ ಹುದ್ದೆಗಳಲ್ಲಿ ಮೀಸಲಾತಿ ಇದೆ, ಆದರೆ ಅದರ ಲಾಭ ಸಿಗಬೇಕಾದರೆ ಮೊದಲು ಈ ಅರ್ಹತೆ ಕೈಯಲ್ಲಿರಬೇಕು.

ಎರಡನೆಯದು ಸಮಯ. ಗೇಟ್ ನಡೆಯುವುದು ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ಡಿಸೆಂಬರ್, ಜನವರಿ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ಅಡ್ಡ ಬರುತ್ತದೆ. ಹಾಗಾಗಿ ಕೊನೆಯ ಎರಡು ತಿಂಗಳು ನಿಮ್ಮ ಕೈಯಲ್ಲಿ ಇಲ್ಲ ಅಂತಲೇ ಲೆಕ್ಕ ಹಾಕಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳೂ ಹಾಗೇ. 40 ಡಿಗ್ರಿ ದಾಟಿದ ಬಿಸಿಲಲ್ಲಿ, ಕರೆಂಟ್ ಹೋದ ರೂಮಿನಲ್ಲಿ ಆಟೋಮಟಾದ ಪಂಪಿಂಗ್ ಲೆಮ್ಮಾದಂಥ ಪ್ರಮೇಯ ತಲೆಗೆ ಹತ್ತುವುದಿಲ್ಲ. ಈ ಕಡೆಯವರು ಬೆಳಗ್ಗೆ ಐದರಿಂದ ಒಂಬತ್ತರವರೆಗಿನ ಹೊತ್ತನ್ನು ಕಷ್ಟದ ವಿಷಯಕ್ಕೆ ಮೀಸಲಿಡುವುದು ಒಳ್ಳೆಯದು.

ಮೂರನೆಯದು ದುಡ್ಡು, ಅದರ ಮಾತು ಮುಂದೆ ಬರುತ್ತದೆ. ನಾಲ್ಕನೆಯದು ಭಾಷೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ನಮ್ಮಲ್ಲಿ ತುಂಬಾ ಜನ. ಸುರಪುರದಿಂದಲೋ ಹುಮನಾಬಾದ್‌ನಿಂದಲೋ ಬಂದ ಹುಡುಗಿಗೆ ಆಟೋಮಟಾ ಕಷ್ಟ ಅನ್ನಿಸಿದರೆ, ಎಷ್ಟೋ ಸಲ ಕಷ್ಟ ಇರುವುದು ಪುಸ್ತಕದ ಇಂಗ್ಲಿಷ್‌ನಲ್ಲಿ. ಇದನ್ನು ಲೆಕ್ಕಕ್ಕೆ ಹಿಡಿಯದೆ "ದೊಡ್ಡ ಪುಸ್ತಕ ಓದು" ಅಂತ ಹೇಳುವುದು ಅನ್ಯಾಯ.

ಡಿಬಿಎಂಎಸ್: ಬೇಗ ಫಲ ಕೊಡುವ ವಿಷಯ

ಎಲ್ಲಾ ಪರೀಕ್ಷೆಯಲ್ಲೂ ಬರುವುದು ಇದೇ. ಸೆಮಿಸ್ಟರ್, ಗೇಟ್, ನೆಟ್, ಬ್ಯಾಂಕ್‌ನ ಐಟಿ ಆಫೀಸರ್ ಹುದ್ದೆ, ಕ್ಯಾಂಪಸ್ ಇಂಟರ್‌ವ್ಯೂ, ಎಲ್ಲಿ ಹೋದರೂ ಡೇಟಾಬೇಸ್ ಇದ್ದೇ ಇರುತ್ತದೆ. 2024ರಲ್ಲಿ ಶುರುವಾದ ಗೇಟ್‌ನ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆಯಲ್ಲೂ ಇದೆ. ಆ ಪತ್ರಿಕೆಯಲ್ಲಿ ಆಟೋಮಟಾ, ಕಂಪೈಲರ್ ಎರಡೂ ಇಲ್ಲ. ಸಮಯ ಕಡಿಮೆ ಇದ್ದವರು, ಕೆಲಸಕ್ಕೆ ಹೋಗುತ್ತಾ ಓದುವವರು ಇದರಿಂದಲೇ ಶುರು ಮಾಡಲಿ.

ಓದುವುದು ಹೇಗೆ? ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ವಿಡಿಯೋ ನೋಡಿ ಕಲಿಯಬೇಡಿ. ಹಳೆಯ ಲ್ಯಾಪ್‌ಟಾಪ್ ಆದರೂ ಸರಿ, ಮೈಎಸ್‌ಕ್ಯೂಎಲ್ ಅಥವಾ ಎಸ್‌ಕ್ಯೂಲೈಟ್ ಹಾಕಿಕೊಂಡು ಬರೆದು ನೋಡಿ. ಎರಡೂ ಪುಕ್ಕಟೆ. ಒಂದು ಸಣ್ಣ ಪ್ರಯೋಗ ಮಾಡಿ. ಹತ್ತು ವಿದ್ಯಾರ್ಥಿಗಳ ಅಂಕಪಟ್ಟಿಯ ಟೇಬಲ್ ಮಾಡಿ, ಇಬ್ಬರ ಅಂಕದ ಜಾಗ ಖಾಲಿ ಬಿಡಿ, ಅಂದರೆ ನಲ್. ಈಗ ಎಲ್ಲಾ ಸಾಲು ಎಣಿಸುವ ಕೌಂಟ್ ಹಾಕಿದರೆ 10 ಬರುತ್ತದೆ. ಅಂಕದ ಕಾಲಂ ಮೇಲೆ ಕೌಂಟ್ ಹಾಕಿದರೆ 8 ಬರುತ್ತದೆ. "ಅಂಕ 50 ಅಲ್ಲದವರನ್ನು ತೋರಿಸು" ಅಂತ ಕೇಳಿದರೆ ಆ ಇಬ್ಬರು ಬರುವುದೇ ಇಲ್ಲ, ಯಾಕಂದರೆ ನಲ್ ಜೊತೆಗಿನ ಹೋಲಿಕೆ ಸರಿಯೂ ಅಲ್ಲ, ತಪ್ಪೂ ಅಲ್ಲ. ಗೇಟ್‌ನಲ್ಲಿ ಇಂಥ ಜಾಗದಲ್ಲೇ ಅಂಕ ಹೋಗುತ್ತದೆ. ಒಮ್ಮೆ ಪರದೆ ಮೇಲೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ.

ನಾರ್ಮಲ್ ಫಾರ್ಮ್‌ಗೆ, ಅಂದರೆ ಒಂದೇ ಮಾಹಿತಿ ಎರಡು ಕಡೆ ಬರದ ಹಾಗೆ ಟೇಬಲ್ ಒಡೆಯುವ ನಿಯಮಗಳಿಗೆ, ಮಾತ್ರ ಪೆನ್ನು ಹಿಡಿಯಬೇಕು. ಒಂದು ಟ್ಯೂಷನ್ ಸೆಂಟರ್‌ನ ಟೇಬಲ್ ತಗೊಳ್ಳಿ: ವಿದ್ಯಾರ್ಥಿ, ವಿಷಯ, ಮೇಷ್ಟ್ರು. ನಿಯಮ ಎರಡು. ಒಬ್ಬ ವಿದ್ಯಾರ್ಥಿಗೆ ಒಂದು ವಿಷಯಕ್ಕೆ ಒಬ್ಬರೇ ಮೇಷ್ಟ್ರು. ಒಬ್ಬ ಮೇಷ್ಟ್ರು ಹೇಳಿಕೊಡುವುದು ಒಂದೇ ವಿಷಯ. ಈಗ ಕೀ, ಅಂದರೆ ಒಂದು ಸಾಲನ್ನು ಗುರುತಿಸಲು ಬೇಕಾದ ಕನಿಷ್ಠ ಕಾಲಂಗಳು, ಯಾವುದು? ವಿದ್ಯಾರ್ಥಿ ಯಾರು ಅಂತ ಯಾವ ನಿಯಮವೂ ನಿರ್ಧರಿಸುವುದಿಲ್ಲ, ಹಾಗಾಗಿ ಪ್ರತಿ ಕೀಯಲ್ಲೂ ಅದು ಇರಲೇಬೇಕು. ವಿದ್ಯಾರ್ಥಿ ಮತ್ತು ವಿಷಯ ಸೇರಿ ಒಂದು ಕೀ, ವಿದ್ಯಾರ್ಥಿ ಮತ್ತು ಮೇಷ್ಟ್ರು ಸೇರಿ ಇನ್ನೊಂದು. ಮೂರೂ ಕಾಲಂಗಳು ಯಾವುದಾದರೊಂದು ಕೀಯಲ್ಲಿ ಇರುವುದರಿಂದ ಟೇಬಲ್ ಮೂರನೇ ನಾರ್ಮಲ್ ಫಾರ್ಮ್‌ನಲ್ಲಿದೆ. ಆದರೆ ಮೇಷ್ಟ್ರು ಒಬ್ಬರೇ ಕೀ ಅಲ್ಲ, ಆದರೂ ವಿಷಯವನ್ನು ನಿರ್ಧರಿಸುತ್ತಾರೆ. ಹಾಗಾಗಿ ಅದಕ್ಕಿಂತ ಬಿಗಿಯಾದ ಬಿಸಿಎನ್‌ಎಫ್ ಅನ್ನುವ ನಾರ್ಮಲ್ ಫಾರ್ಮ್‌ನಲ್ಲಿ ಇಲ್ಲ. ಇನ್ನೂ ಒಂದು ಮಾತು. ಇದನ್ನು ಒಡೆದು ಬಿಸಿಎನ್‌ಎಫ್ ಮಾಡಿದರೆ ಮೊದಲನೇ ನಿಯಮವನ್ನು ಒಂದೇ ಟೇಬಲ್‌ನಲ್ಲಿ ಪರೀಕ್ಷಿಸಲು ಆಗುವುದಿಲ್ಲ. ಈ ಒಂದು ಉದಾಹರಣೆ ಪೂರ್ತಿ ಅರ್ಥವಾದರೆ ನಾರ್ಮಲೈಸೇಶನ್‌ನ ಅರ್ಧ ದಾರಿ ಮುಗಿದ ಹಾಗೆ.

ಉಳಿದದ್ದು ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಕೆಲಸಗಳು) ಮತ್ತು ಬಿ ಪ್ಲಸ್ ಟ್ರೀ (ಬೇಗ ಹುಡುಕುವುದಕ್ಕೆ ಮಾಡುವ ಸೂಚಿ). ಎರಡೂ ಲೆಕ್ಕದ ಮಾತು, ಹಳೆಯ ಪತ್ರಿಕೆ ಬಿಡಿಸುತ್ತಾ ಹೋದರೆ ಕೈಗೆ ಬರುತ್ತವೆ. ಡಿಬಿಎಂಎಸ್‌ಗಾಗಿ ಬೇರೆ ದುಡ್ಡು ಕೊಟ್ಟು ಕ್ಲಾಸ್ ಸೇರುವ ಅಗತ್ಯ ನನಗೆ ಕಾಣುವುದಿಲ್ಲ.

ಆಟೋಮಟಾ: ಶುರು ಕಷ್ಟ, ಆಮೇಲೆ ಹಗುರ

ಸಿಲಬಸ್ ಚಿಕ್ಕದು. ಒಮ್ಮೆ ಅರ್ಥವಾದರೆ ಉತ್ತರ ಬೇಗ ಬರುತ್ತದೆ, ನೆನಪಿಟ್ಟುಕೊಳ್ಳುವ ಭಾರ ಕಡಿಮೆ. ಗೇಟ್‌ನಲ್ಲಿ ಒಳ್ಳೆ ರ‍್ಯಾಂಕ್ ಬೇಕು ಅನ್ನುವವರು ಇದನ್ನು ಬಿಡಲೇಬಾರದು. ಆದರೆ ಮೊದಲ ಮೂರು ವಾರ ಒಬ್ಬರೇ ಪುಸ್ತಕ ಹಿಡಿದು ಕೂತರೆ ಬಹಳ ಜನ ಅಲ್ಲೇ ನಿಲ್ಲಿಸಿಬಿಡುತ್ತಾರೆ.

ಯಾಕೆ ಹೇಳಿಕೊಡುವವರು ಬೇಕು ಅಂದರೆ ಒಂದು ಲೆಕ್ಕ ನೋಡಿ. ಬೈನರಿ ಸಂಖ್ಯೆ 3ರಿಂದ ಭಾಗವಾಗುತ್ತದಾ ಅಂತ ಹೇಳುವ ಡಿಎಫ್‌ಎ ಬರೆಯಿರಿ, ಅಂದರೆ ಒಂದೊಂದೇ ಅಕ್ಷರ ಓದುತ್ತಾ ಒಂದು ಸ್ಟೇಟ್‌ನಿಂದ (ಸ್ಥಿತಿಯಿಂದ) ಇನ್ನೊಂದಕ್ಕೆ ಹೋಗುವ ಯಂತ್ರ. ಶೇಷ 0, 1, 2, ಮೂರು ಸ್ಟೇಟ್. ಈಗ 4ರಿಂದ ಭಾಗವಾಗುವುದಕ್ಕೆ ಕನಿಷ್ಠ ಎಷ್ಟು ಸ್ಟೇಟ್? ನಾಲ್ಕು ಅಂತ ಕೈ ಬರೆದುಬಿಡುತ್ತದೆ. ಉತ್ತರ ಮೂರು. ಶೇಷ 1ರ ಸ್ಟೇಟ್‌ನಿಂದ 0 ಓದಿದರೆ 2ಕ್ಕೆ, 1 ಓದಿದರೆ 3ಕ್ಕೆ ಹೋಗುತ್ತೀರಿ. ಶೇಷ 3ರಿಂದಲೂ ಹಾಗೇ. ಎರಡೂ ಒಪ್ಪಿಗೆಯ ಸ್ಟೇಟ್ ಅಲ್ಲ. ಅಂದ ಮೇಲೆ ಎರಡನ್ನೂ ಒಂದು ಮಾಡಬಹುದು. ಪುಸ್ತಕದಲ್ಲಿ ಇದು ಒಂದು ಪ್ರಮೇಯವಾಗಿ ಬರುತ್ತದೆ. ಯಾರಾದರೂ ಬೋರ್ಡ್ ಮೇಲೆ ಬಾಣ ಎಳೆದು ತೋರಿಸಿದರೆ ಐದು ನಿಮಿಷದ ಕೆಲಸ.

ಇನ್ನೊಂದು: ಕೊನೆಯಿಂದ ಮೂರನೇ ಅಕ್ಷರ 1 ಆಗಿರುವ ಬೈನರಿ ಸಾಲುಗಳು. ಒಂದೇ ಅಕ್ಷರಕ್ಕೆ ಹಲವು ದಾರಿ ಹಿಡಿಯಬಲ್ಲ ಎನ್‌ಎಫ್‌ಎಗೆ 4 ಸ್ಟೇಟ್ ಸಾಕು, ಡಿಎಫ್‌ಎಗೆ ಕನಿಷ್ಠ 8 ಬೇಕು. ಕೊನೆಯಿಂದ ಹತ್ತನೆಯದು ಅಂದರೆ 11 ಮತ್ತು 1024. ಇಂಥದ್ದನ್ನು ಚಿತ್ರ ಬರೆದು ಆಡಿಸಿ ನೋಡುವುದಕ್ಕೆ ಜೆಫ್ಲಾಪ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಹಾಕಿಕೊಳ್ಳಿ.

ಕ್ಲೋಶರ್ ಗುಣಗಳು (ಭಾಷೆಗಳ ಮೇಲೆ ಒಂದು ಕ್ರಿಯೆ ಮಾಡಿದರೆ ಅದೇ ಜಾತಿಯ ಭಾಷೆಯೇ ಬರುತ್ತದಾ ಅನ್ನುವುದು) ಮತ್ತು ನಿರ್ಣಯಸಾಧ್ಯತೆಯ (ಯಂತ್ರ ಯಾವಾಗಲೂ ಉತ್ತರ ಹೇಳಬಲ್ಲದಾ ಅನ್ನುವ) ಭಾಗವನ್ನು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಕಾಂಟೆಕ್ಸ್ಟ್ ಫ್ರೀ ಭಾಷೆಗಳಿಗೆ ಛೇದನ ಮತ್ತು ಪೂರಕದ ಕ್ಲೋಶರ್ ಇಲ್ಲ, ಅವುಗಳಲ್ಲಿ ಡಿಟರ್ಮಿನಿಸ್ಟಿಕ್ ಆದವಕ್ಕೆ ಪೂರಕದ್ದು ಇದೆ, ಇಂಥವು. ಆದರೆ ಪಟ್ಟಿ ಬಾಯಿಪಾಠ ಮಾಡಿದರೆ ನೆಟ್‌ಗೆ ಸಾಕಾಗಬಹುದು, ಗೇಟ್‌ಗೆ ಸಾಲದು. ಪ್ರತಿ ಸಾಲಿಗೂ ಒಂದು ಉದಾಹರಣೆ ನಿಮ್ಮ ಹತ್ತಿರ ಇರಲಿ.

ಕಂಪೈಲರ್: ಒಂಟಿಯಾಗಿ ಓದಬೇಡಿ

ಕಂಪೈಲರ್‌ನ ಮೊದಲ ಹಂತ, ಲೆಕ್ಸಿಕಲ್ ಅನಾಲಿಸಿಸ್ (ಪ್ರೋಗ್ರಾಂ ಅನ್ನು ಪದಗಳಾಗಿ ಬಿಡಿಸುವುದು), ನಡೆಯುವುದು ಫೈನೈಟ್ ಆಟೋಮಟಾ ಮೇಲೆ. ಪಾರ್ಸಿಂಗ್ (ಆ ಪದಗಳ ವ್ಯಾಕರಣ ರಚನೆ ನೋಡುವುದು) ನಡೆಯುವುದು ಕಾಂಟೆಕ್ಸ್ಟ್ ಫ್ರೀ ಗ್ರಾಮರ್ ಮೇಲೆ. ಆಟೋಮಟಾ ಬಿಟ್ಟು ಕಂಪೈಲರ್ ಓದುತ್ತೇನೆ ಅನ್ನುವವರು ಎರಡು ಸಲ ಕಷ್ಟಪಡುತ್ತಾರೆ. ಆಟೋಮಟಾ ಮುಗಿದ ವಾರವೇ ಕಂಪೈಲರ್ ಶುರು ಮಾಡಿ, ಗ್ರಾಮರ್ ಇನ್ನೂ ತಲೆಯಲ್ಲಿ ತಾಜಾ ಇರುವಾಗ.

ಗೇಟ್‌ಗೆ ಇದರಲ್ಲಿ ಮುಖ್ಯ ಪಾರ್ಸಿಂಗ್. ಫಸ್ಟ್, ಫಾಲೋ ಸೆಟ್‌ಗಳನ್ನು (ಮೊದಲು ಮತ್ತು ಮುಂದೆ ಬರಬಹುದಾದ ಚಿಹ್ನೆಗಳ ಗುಂಪು) ಕೈಯಲ್ಲಿ ತಪ್ಪಿಲ್ಲದೆ ಬರೆಯಲು ಬಂದರೆ ಎಲ್‌ಎಲ್(1), ಎಸ್‌ಎಲ್‌ಆರ್ ಅನ್ನುವ ಪಾರ್ಸಿಂಗ್ ವಿಧಾನಗಳು ಎರಡೂ ದಾರಿಗೆ ಬರುತ್ತವೆ. ಒಂದೇ ಗ್ರಾಮರ್‌ಗೆ ಎಲ್‌ಆರ್(0), ಎಸ್‌ಎಲ್‌ಆರ್, ಎಲ್‌ಎಎಲ್‌ಆರ್ ಟೇಬಲ್‌ಗಳಲ್ಲಿ ಸ್ಟೇಟ್‌ಗಳ ಸಂಖ್ಯೆ ಒಂದೇ ಇರುತ್ತದೆ, ಕ್ಯಾನೊನಿಕಲ್ ಎಲ್‌ಆರ್‌ನಲ್ಲಿ ಮಾತ್ರ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ. ಇಷ್ಟು ನೆನಪಿದ್ದರೂ ಕೆಲವು ಪ್ರಶ್ನೆ ಬಿಡಿಸದೆಯೇ ಉತ್ತರಿಸಬಹುದು. ಸಿಂಟ್ಯಾಕ್ಸ್ ಡೈರೆಕ್ಟೆಡ್ ಟ್ರಾನ್ಸ್‌ಲೇಶನ್, ಲೈವ್‌ನೆಸ್ (ಒಂದು ವೇರಿಯಬಲ್ ಮುಂದೆ ಬೇಕಾಗುತ್ತದಾ ಅನ್ನುವ ಲೆಕ್ಕ) ಇವಕ್ಕೆ ಹಳೆಯ ಪ್ರಶ್ನೆಗಳೇ ಗುರು.

ಸೆಮಿಸ್ಟರ್‌ಗೆ ಮಾತ್ರ ಓದುವವರಿಗೆ ಲೆಕ್ಕ ಬೇರೆ. ಅಲ್ಲಿ ಕಂಪೈಲರ್‌ನ ಹಂತಗಳು, ಚಿತ್ರ, ಪಾರ್ಸಿಂಗ್ ಟೇಬಲ್, ಇಷ್ಟರಲ್ಲೇ ಒಳ್ಳೆ ಅಂಕ ಬರುತ್ತದೆ. ಲೆಕ್ಸ್, ಯಾಕ್ (ಕಂಪೈಲರ್ ಬರೆಯಲು ನೆರವಾಗುವ ಟೂಲ್‌ಗಳು) ಪ್ರೋಗ್ರಾಂಗಳನ್ನು ಲ್ಯಾಬ್‌ನಲ್ಲಿ ಬರೀ ಕಾಪಿ ಮಾಡದೆ ಒಮ್ಮೆ ನೀವೇ ಬದಲಿಸಿ ಓಡಿಸಿ.

ದಾರಿಗಳು: ಯಾವುದಕ್ಕೆ ಎಷ್ಟು ದುಡ್ಡು, ಎಷ್ಟು ಲಾಭ

ಊರು ಬಿಟ್ಟು ಹೋಗುವ ಕೋಚಿಂಗ್. ಬೀದರ್‌ನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ, ಹಾಗಾಗಿ ಮೊದಲು ಮನಸ್ಸಿಗೆ ಬರುವುದು ಅದೇ. ಅಲ್ಲಿ ಸಿಗುವುದು ಶಿಸ್ತು ಮತ್ತು ಜೊತೆಗೆ ಓದುವ ಜನ. ಇದು ಸಣ್ಣ ವಿಷಯ ಅಲ್ಲ. ಆದರೆ ಫೀ ಒಂದೇ ನೋಡಬೇಡಿ. ರೂಮಿನ ಬಾಡಿಗೆ, ಡೆಪಾಸಿಟ್, ಮೆಸ್, ಓಡಾಟ ಎಲ್ಲಾ ಸೇರಿಸಿ ತಿಂಗಳ ಲೆಕ್ಕ ಬರೆದು, ಮನೆಯವರ ಜೊತೆ ಕೂತು ಮಾತಾಡಿ ನಿರ್ಧರಿಸಿ. ಅಪ್ಪ ಸಾಲ ಮಾಡಬೇಕಾಗುತ್ತದೆ ಅಂದರೆ ಈ ಮೂರು ವಿಷಯಗಳಿಗಾಗಿ ಅದು ಬೇಡ ಅಂತ ನಾನು ಖಂಡಿತ ಹೇಳುತ್ತೇನೆ. ಡಿಗ್ರಿ ಮುಗಿದು ಒಂದು ವರ್ಷ ಪೂರ್ತಿ ಗೇಟ್‌ಗೇ ಇಡುವವರಿಗೆ, ಮನೆಯಲ್ಲಿ ಓದಲು ಜಾಗವೇ ಇಲ್ಲದವರಿಗೆ ಮಾತ್ರ ಇದು ಸರಿಹೋಗಬಹುದು.

ದುಡ್ಡು ಕೊಟ್ಟು ತಗೊಳ್ಳುವ ಆನ್‌ಲೈನ್ ಕೋರ್ಸ್. ಹೋಗಿ ಸೇರುವುದಕ್ಕಿಂತ ಅಗ್ಗ. ಗೇಟ್‌ನ ಹದಕ್ಕೆ ತಕ್ಕಂತೆ ಹೇಳಿಕೊಡುತ್ತಾರೆ. ಹೆಚ್ಚಿನವು ಹಿಂದಿ ಬೆರೆತ ಇಂಗ್ಲಿಷ್‌ನಲ್ಲಿ ಇರುತ್ತವೆ. ದಖನಿ, ಹಿಂದಿ ಕೇಳಿ ಬೆಳೆದ ಕಲಬುರಗಿ, ಬೀದರ್‌ನವರಿಗೆ ಇದು ತೊಂದರೆ ಅಲ್ಲ, ಅನುಕೂಲವೇ. ಹಳ್ಳಿಯಿಂದ ಬಂದ ಕೆಲವರಿಗೆ ಮಾತ್ರ ಎರಡು ಭಾಷೆ ದಾಟಿ ವಿಷಯಕ್ಕೆ ಹೋಗಬೇಕಾಗುತ್ತದೆ. ದೊಡ್ಡ ತೊಂದರೆ ಬೇರೆ ಇದೆ: ನೂರಾರು ಗಂಟೆ ವಿಡಿಯೋ ನೋಡಿ, ಒಂದೂ ಲೆಕ್ಕ ಬಿಡಿಸದೆ, ಓದಿದೆ ಅಂತ ಅನ್ನಿಸುವುದು. ತಗೊಳ್ಳುವ ಮುಂಚೆ ಆಟೋಮಟಾದ ಪುಕ್ಕಟೆ ತರಗತಿ ಒಂದೆರಡು ನೋಡಿ. ಅಲ್ಲಿ ಅರ್ಥವಾಗದಿದ್ದರೆ ಆ ಕೋರ್ಸ್ ನಿಮಗಲ್ಲ.

ಎನ್‌ಪಿಟಿಇಎಲ್. ಇವು ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ವಿಡಿಯೋ ಪಾಠಗಳು. ನೋಡುವುದು ಪೂರ್ತಿ ಪುಕ್ಕಟೆ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀ. ಆಟೋಮಟಾಗೆ ಐಐಟಿ ಮದ್ರಾಸ್‌ನ ಕಮಲಾ ಕೃತಿವಾಸನ್, ಕಂಪೈಲರ್‌ಗೆ ನಮ್ಮ ಬೆಂಗಳೂರಿನ ಐಐಎಸ್‌ಸಿಯ ವೈ.ಎನ್. ಶ್ರೀಕಾಂತ್, ಡಿಬಿಎಂಎಸ್‌ಗೆ ಐಐಟಿ ಖರಗ್‌ಪುರದ ಪಾರ್ಥ ಪ್ರತಿಮ್ ದಾಸ್, ಇವರ ಪಾಠಗಳಿವೆ. ಕೆಲವು ಕೋರ್ಸ್‌ಗಳ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಪಾಠ ಆಳವಾಗಿದೆ, ಆದರೆ ಗೇಟ್‌ನ ವೇಗಕ್ಕೆ ಅಲ್ಲ. ನನ್ನ ಸಲಹೆ: ಆಟೋಮಟಾವನ್ನು ಪೂರ್ತಿ ನೋಡಿ, ಕಂಪೈಲರ್‌ನಲ್ಲಿ ಪಾರ್ಸಿಂಗ್ ಮತ್ತು ಡೇಟಾ ಫ್ಲೋ ಭಾಗ ಮಾತ್ರ ಆರಿಸಿ ನೋಡಿ. ಯಾದಗಿರಿಯಿಂದ ದಿನಾ ರೈಲಿನಲ್ಲಿ ಕಲಬುರಗಿಗೆ ಬರುವವರು ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ನಂಬಬೇಡಿ.

ಪುಸ್ತಕ. ಡಿಬಿಎಂಎಸ್‌ಗೆ ವಿಟಿಯುನವರು ಎಲ್ಮಸ್ರಿ–ನವಾತೆ ಓದುತ್ತಾರೆ, ಗೇಟ್‌ನವರಲ್ಲಿ ಹಲವರು ಕೋರ್ತ್ ಹಿಡಿಯುತ್ತಾರೆ. ಎರಡೂ ಬೇಕಿಲ್ಲ, ಒಂದು ಸಾಕು. ಕಂಪೈಲರ್‌ನ ಡ್ರ್ಯಾಗನ್ ಪುಸ್ತಕದ ಎರಡನೇ ಆವೃತ್ತಿ ಬಂದದ್ದು 2006ರಲ್ಲಿ, ಇಂದಿಗೂ ಅದೇ ಆಧಾರ. ಆದರೆ ಪೂರ್ತಿ ಓದಲು ಹೊರಟರೆ ವರ್ಷ ಸಾಲದು. ಕಾಲೇಜು ಲೈಬ್ರರಿಯಿಂದ ತಂದು ಪಾರ್ಸಿಂಗ್ ಅಧ್ಯಾಯ ಓದಿ, ವಾಪಸ್ ಕೊಡಿ. ಆಟೋಮಟಾಗೆ ಇಂಗ್ಲಿಷ್ ಕಷ್ಟ ಅನ್ನುವವರು ಹಾಪ್‌ಕ್ರಾಫ್ಟ್ ಬದಲು ಪೀಟರ್ ಲಿನ್ಜ್ ಹಿಡಿಯಲಿ, ಅದು ಸರಳವಾಗಿದೆ.

ಹಳೆಯ ಪ್ರಶ್ನೆಪತ್ರಿಕೆ. ಗೇಟ್ ನಡೆಸುವ ಐಐಟಿಗಳ ಜಾಲತಾಣದಲ್ಲೇ ಪತ್ರಿಕೆ, ಕೀ ಉತ್ತರ ಪುಕ್ಕಟೆ ಸಿಗುತ್ತವೆ. ಎಲ್ಲಾ ದಾರಿಗೂ ಇದು ಸೇರಬೇಕು. ಒಂದು ಅಧ್ಯಾಯ ಮುಗಿದ ದಿನವೇ ಆ ಅಧ್ಯಾಯದ ಪ್ರಶ್ನೆ ಬಿಡಿಸಿ, ಕೊನೆಗೆ ಇಡಬೇಡಿ. ತಪ್ಪಾದ ಪ್ರಶ್ನೆಗೆ ಬೇರೆ ನೋಟ್‌ಬುಕ್ ಮಾಡಿ.

ನಿಮಗೆ ಯಾವುದು?

ಐದನೇ ಅಥವಾ ಆರನೇ ಸೆಮ್‌ನಲ್ಲಿದ್ದು, ಮನೆ ಬಜೆಟ್ ಬಿಗಿ ಇದ್ದರೆ: ಕ್ಲಾಸಿನ ಜೊತೆಗೇ ಎನ್‌ಪಿಟಿಇಎಲ್ ಆಟೋಮಟಾ, ಅದರ ಹಿಂದೆಯೇ ಕಂಪೈಲರ್, ರಜೆಯಲ್ಲಿ ಡಿಬಿಎಂಎಸ್ ಪುನರಾವರ್ತನೆ. ಒಂದು ರೂಪಾಯಿ ಕೋರ್ಸ್‌ಗೆ ಬೇಡ. ಮೂರನೇ ವರ್ಷದಲ್ಲೇ ಗೇಟ್ ಬರೆಯಲು ಅವಕಾಶ ಇದೆ, ಅಂಕ ಮೂರು ವರ್ಷ ನಡೆಯುತ್ತದೆ. ಬರೆದುಬಿಡಿ.

ಪರೀಕ್ಷೆಗೆ ಮೂರೇ ತಿಂಗಳು ಉಳಿದಿದ್ದರೆ: ಡಿಬಿಎಂಎಸ್ ಮೊದಲು, ಆಟೋಮಟಾದಲ್ಲಿ ರೆಗ್ಯುಲರ್ ಮತ್ತು ಕಾಂಟೆಕ್ಸ್ಟ್ ಫ್ರೀ ಭಾಗ, ಕಂಪೈಲರ್‌ನಲ್ಲಿ ಪಾರ್ಸಿಂಗ್ ಮಾತ್ರ. ಉಳಿದದ್ದನ್ನು ಧೈರ್ಯವಾಗಿ ಬಿಡಿ.

ಎಂಸಿಎ ಮುಗಿಸಿ ಕೆ-ಸೆಟ್, ನೆಟ್ ಬರೆಯುವವರು: ಡಿಬಿಎಂಎಸ್ ಚೆನ್ನಾಗಿ, ಆಟೋಮಟಾ ಮತ್ತು ಕಂಪೈಲರ್ ಹಗುರವಾಗಿ ಆದರೆ ಪೂರ್ತಿಯಾಗಿ. ವ್ಯಾಖ್ಯೆ, ಹೊಂದಿಸಿ ಬರೆಯುವ ಪ್ರಶ್ನೆ ಜಾಸ್ತಿ ಇರುವುದರಿಂದ ಏನನ್ನೂ ಪೂರ್ತಿ ಬಿಡಬೇಡಿ. ತಪ್ಪಿಗೆ ಕಡಿತ ಇಲ್ಲ, ಹಾಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬೇಡಿ.

ಕೈಯಲ್ಲಿ ಸ್ವಲ್ಪ ದುಡ್ಡಿದೆ, ಎಲ್ಲಿ ಹಾಕಲಿ ಅಂದರೆ: ಮೊದಲು ಟೆಸ್ಟ್ ಸೀರೀಸ್‌ಗೆ ಹಾಕಿ. ಅದರಲ್ಲಿ ಈ ಮೂರು ವಿಷಯದ ಟೆಸ್ಟ್ ಬರೆದು ನೋಡಿ. ಆಟೋಮಟಾದಲ್ಲಿ ಮಾತ್ರ ಹಿಂದೆ ಬಿದ್ದಿದ್ದೀರಿ ಅಂತ ಗೊತ್ತಾದರೆ ಆ ಒಂದು ವಿಷಯದ ಕೋರ್ಸ್ ಮಾತ್ರ ತಗೊಳ್ಳಿ, ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಕಾಲೇಜಿನಲ್ಲಿ ಆಟೋಮಟಾ ಚೆನ್ನಾಗಿ ಹೇಳುವ ಮೇಷ್ಟ್ರೋ ಮೇಡಂ ಇದ್ದರೆ ಅದೂ ಬೇಡ. ನಾಲ್ಕೈದು ಜನ ಸೇರಿ, ಬಿಡಿಸಲಾಗದ ಪ್ರಶ್ನೆಗಳನ್ನು ಬರೆದುಕೊಂಡು ವಾರಕ್ಕೊಮ್ಮೆ ಅವರ ಹತ್ತಿರ ಹೋಗಿ.